ಮಾರ್ಚ್ 5ರ ಮೂರು ಹಗಲು

1771, ಮಂಗಳವಾರ

ಮೇಲುಕೋಟೆ ಬೆಟ್ಟದ ತಪ್ಪಲಿನಲ್ಲಿ ನಿಂತಿದ್ದೀರಿ. ಬೆಳಗಾಗಲು ಇನ್ನೂ ಹೊತ್ತಿದೆ. ಫಾಲ್ಗುಣದ ಹುಣ್ಣಿಮೆ ಕಳೆದು ನಾಲ್ಕು ದಿನವಾಗಿದೆ. ತಡವಾಗಿ ಮೂಡಿದ ಚಂದ್ರ ಈಗ ನೆತ್ತಿಯ ಮೇಲಿದ್ದಾನೆ. ಮೇಲೆ ಯೋಗಾನರಸಿಂಹನ ಗುಡಿ, ಕೆಳಗೆ ಕಲ್ಯಾಣಿ, ನಡುವೆ ಕದ ಮುಚ್ಚಿಕೊಂಡ ಮನೆಗಳ ಸಾಲು. ವೈರಮುಡಿ ಉತ್ಸವ ನಡೆಯುವ ತಿಂಗಳಿದು. ಆದರೆ ಬೆಟ್ಟದ ಸುತ್ತ ಬೀಡುಬಿಟ್ಟಿರುವುದು ಹೈದರ್ ಅಲಿಯ ಸೈನ್ಯ.

ಇಲ್ಲಿಂದ ಬಡಗಲಿಗೆ ನಾಗಮಂಗಲ, ಪಡುವಲಿಗೆ ಅತ್ತಿಕುಪ್ಪೆ. ಮುಂದೊಂದು ಕಾಲಕ್ಕೆ ಅದು ಕೃಷ್ಣರಾಜಪೇಟೆ ಎನಿಸಿಕೊಳ್ಳಲಿದೆ. ತೆಂಕಲಿಗೆ 22 ಮೈಲಿ ನಡೆದರೆ ಕಾವೇರಿಯ ನಡುಗಡ್ಡೆ, ಶ್ರೀರಂಗಪಟ್ಟಣದ ಕೋಟೆ. ಆ 22 ಮೈಲಿಯೇ ಈಗ ಹೈದರನ ಕಣ್ಣಮುಂದಿರುವ ಪ್ರಶ್ನೆ. ಎದುರಿನ ಬಯಲಿನಲ್ಲಿ ಮರಾಠರ ಕುದುರೆ ದಂಡು ಹರಡಿಕೊಂಡಿದೆ. ಪೇಶ್ವೆ ಮಾಧವರಾಯ ಕಾಯಿಲೆ ಬಿದ್ದು ಪುಣೆಗೆ ಮರಳಿದ ಮೇಲೆ ಅದರ ಹೊಣೆ ತ್ರ್ಯಂಬಕರಾವ್ ಪೇಠೆಯದು. ಅವನು ಬೆಟ್ಟವನ್ನು ನೇರವಾಗಿ ಏರಿ ಬರುತ್ತಿಲ್ಲ. ದೂರದಿಂದಲೇ ಕಾಡುತ್ತಿದ್ದಾನೆ, ದಾರಿಗಳನ್ನು ಬಿಗಿ ಮಾಡುತ್ತಿದ್ದಾನೆ. ಹೀಗೇ ಇನ್ನಷ್ಟು ದಿನ ಕಳೆದರೆ ಕುದುರೆಗೂ ಎತ್ತಿಗೂ ಮೇವಿರುವುದಿಲ್ಲ. ಆದ್ದರಿಂದ ಹೈದರ್ ಕತ್ತಲಲ್ಲೇ ರಾಜಧಾನಿಗೆ ಜಾರಿಕೊಳ್ಳಲು ತೀರ್ಮಾನಿಸಿದ್ದಾನೆ.

ಸೈನ್ಯ ಹೊರಟಿದೆ. ಮಾತಾಡಬಾರದು, ದೀಪ ಹಚ್ಚಬಾರದು. ಗಾಡಿ ಗಾಲಿಗಳು ಕಲ್ಲಿನ ಮೇಲೆ ಉರುಳುವ ಸದ್ದು ಮಾತ್ರ ನಿಮ್ಮ ಕಿವಿಗೆ ಬೀಳುತ್ತಿದೆ. ಅಷ್ಟರಲ್ಲಿ ಮುಂದಿನ ತುಕಡಿಯ ಕಡೆಯಿಂದ ಫಿರಂಗಿ ಗುಡುಗುತ್ತದೆ. ಯಾರೋ ಸರದಾರ ಮರಾಠರ ಕಾವಲು ಪಡೆಯನ್ನು ಕಂಡು ತಡೆಯಲಾರದೆ ಗುಂಡು ಹಾರಿಸಿದ್ದಾನೆ. ಬಚ್ಚಿಟ್ಟುಕೊಂಡು ಬಂದ ಗುಟ್ಟು ಒಂದೇ ಸದ್ದಿಗೆ ರಟ್ಟಾಯಿತು. ಬಯಲಿನ ಆ ತುದಿಯಲ್ಲಿ ಪಂಜುಗಳು ಹೊತ್ತಿಕೊಳ್ಳುತ್ತವೆ, ಕುದುರೆಗಳ ಕೆನೆತ ಕೇಳಿಬರುತ್ತದೆ.

ಹೈದರ್ ರಾತ್ರಿಯೆಲ್ಲ ಮಗನಿಗೆ ಹೇಳಿಕಳಿಸಿದ್ದಾನೆ. ಸಾಮಾನು ಸರಂಜಾಮಿನ ಸಾಲಿಗೆ ಕಾವಲಾಗಿರುವ ಟಿಪ್ಪು ಈ ಗದ್ದಲದಲ್ಲಿ ಬಂದು ಮುಟ್ಟಿಲ್ಲ. ಬೆಳಕು ಹರಿಯುವ ಹೊತ್ತಿಗೆ ಬರುತ್ತಾನೆ. ಇಪ್ಪತ್ತರ ಹುಡುಗ. ತಂದೆ ರಾತ್ರಿ ವಿಪರೀತ ಕುಡಿದಿದ್ದಾನೆ, ನಿದ್ದೆಗೆಟ್ಟಿದ್ದಾನೆ, ಸಿಟ್ಟಿನಿಂದ ಕುದಿಯುತ್ತಿದ್ದಾನೆ. ಎಲ್ಲರೆದುರು ಬಾಯಿಗೆ ಬಂದಂತೆ ಬೈಯುತ್ತಾನೆ. ಸಾಲದೆಂದು ಪಕ್ಕದವನ ಕೈಯ ಬೆತ್ತ ಕಿತ್ತುಕೊಂಡು ಮಗನಿಗೆ ಬಾರಿಸುತ್ತಾನೆ. ಟಿಪ್ಪು ತುಸು ದೂರ ಹೋಗಿ ರುಮಾಲನ್ನೂ ಕತ್ತಿಯನ್ನೂ ನೆಲಕ್ಕೆ ಎಸೆಯುತ್ತಾನೆ. ಇವತ್ತಿನ ಕಾಳಗ ಅಪ್ಪನೇ ಮಾಡಿಕೊಳ್ಳಲಿ, ತಾನು ಕತ್ತಿ ಹಿರಿಯುವುದಿಲ್ಲವೆಂದು ಆಣೆ ಇಡುತ್ತಾನೆ. ಮುಂದೆ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಈ ಗಳಿಗೆಯನ್ನು ಬರೆದಿಟ್ಟಿದ್ದಾನೆ. ಚಕ್ರವರ್ತಿಗಳ ಕಥೆಯಲ್ಲಿ ಅಪರೂಪಕ್ಕೆ ಹೀಗೆ ಒಬ್ಬ ಪೆಟ್ಟು ತಿಂದ ಮಗ ಕಾಣಿಸಿಕೊಳ್ಳುತ್ತಾನೆ.

ಹೊತ್ತೇರುತ್ತದೆ. ಸೈನ್ಯ ಚೌಕ ಕಟ್ಟಿಕೊಂಡು ನಡೆಯುತ್ತಿದೆ. ನಾಲ್ಕು ಬದಿಗೂ ಸಿಪಾಯಿಗಳು. ನಡುವೆ ಎತ್ತು, ಒಂಟೆ, ಮದ್ದುಗುಂಡಿನ ಗಾಡಿ. ನೀವೂ ಆ ನಡುವೆಯೇ ಇದ್ದೀರಿ. ಕಾಲಡಿಯಲ್ಲಿ ಕೊಯ್ದು ಬಿಟ್ಟ ರಾಗಿ ಹೊಲದ ಕೂಳೆ ಚುಚ್ಚುತ್ತದೆ. ದೂಳು ಎಷ್ಟು ದಟ್ಟವೆಂದರೆ ಮುಂದಿನವನ ಬೆನ್ನು ಬಿಟ್ಟರೆ ಬೇರೇನೂ ಕಾಣದು. ಬಯಲಿರುವ ತನಕ ಚೌಕ ಒಡೆಯುವುದಿಲ್ಲ. ಆದರೆ ಚಿನಕುರಳಿಯ ಹತ್ತಿರ ಬಯಲು ಮುಗಿದು ಗುಡ್ಡದ ಸಾಲು ಶುರುವಾಗುತ್ತದೆ. ರಾಜಧಾನಿ ಇನ್ನು 11 ಮೈಲಿ. ಆಚೆಗೆ ತೊಣ್ಣೂರು ಕೆರೆ. ಅದರ ತಿಳಿನೀರು ಕಂಡು 1746ರಲ್ಲಿ ನಾಸಿರ್ ಜಂಗ್ ಮೋತಿ ತಲಾಬ್ ಎಂದು ಹೆಸರಿಟ್ಟ ಕೆರೆ. ಬಾಯಾರಿದವರೆಲ್ಲರ ಮನಸ್ಸು ಆ ಕಡೆಗಿದೆ.

ಮರಾಠರ ಫಿರಂಗಿಗಳು ಮುಟ್ಟಿದ್ದು ಇಲ್ಲಿ. ಒಂದು ಗುಂಡು ಮದ್ದು ತುಂಬಿದ ಬಾಣಗಳ, ಅಂದರೆ ರಾಕೆಟ್‌ಗಳ, ಹೊರೆಗೆ ತಗಲುತ್ತದೆ. ಮೈಸೂರಿನ ಕಬ್ಬಿಣದ ಬಾಣಗಳು ಮೈಸೂರಿನ ಸೈನ್ಯದ ನಡುವೆಯೇ ಹೊತ್ತಿಕೊಂಡು ದಿಕ್ಕು ದಿಕ್ಕಿಗೆ ಸೀಳಿಕೊಂಡು ಹೋಗುತ್ತವೆ. ಮದ್ದಿನ ಗಾಡಿಗಳು ಸಿಡಿಯುತ್ತವೆ. ಎತ್ತುಗಳು ನೊಗ ಮುರಿದುಕೊಂಡು ಸಿಪಾಯಿಗಳ ಮೇಲೆ ನುಗ್ಗುತ್ತವೆ. ಚೌಕ ಒಡೆದ ಜಾಗಕ್ಕೆ ಕುದುರೆ ದಂಡು ನುಗ್ಗುತ್ತದೆ. ಅಲ್ಲಿಂದ ಮುಂದೆ ನಡೆದದ್ದನ್ನು ಕಾಳಗ ಎನ್ನಲು ಬರುವುದಿಲ್ಲ. ಓಡುವವರು, ಅಟ್ಟಿಸಿಕೊಂಡು ಬಂದು ಕಡಿಯುವವರು, ಅಷ್ಟೇ. ಹೈದರನ ಸರದಾರರಲ್ಲಿ ಲಾಲಾ ಮಿಯಾ ಸತ್ತ. ಮೀರ್ ಅಲಿ ರಝಾ ಗಾಯಗೊಂಡು ಸೆರೆಯಾದ. ಹೈದರನಂತೆಯೇ ಗಡ್ಡ, ಹುಬ್ಬು ಬೋಳಿಸಿಕೊಂಡಿದ್ದ ಯಾಸಿನ್ ಖಾನ್ ಪೆಟ್ಟು ತಿಂದು ಬಿದ್ದಾಗ ತಾನೇ ಹೈದರ್ ಎಂದು ನಂಬಿಸುತ್ತಾನೆ. ಮರಾಠರು ಅವನನ್ನು ಸುತ್ತುವರಿದು ನಿಂತ ಹೊತ್ತಿನಲ್ಲಿ ನಿಜವಾದ ಹೈದರ್ ವೇಗದ ಕುದುರೆಯೊಂದನ್ನು ಹತ್ತಿ ಪಟ್ಟಣದ ಹಾದಿ ಹಿಡಿದಿದ್ದಾನೆ.

ಸಂಜೆಗೆ ನದಿಯ ದಂಡೆಗೆ ಬನ್ನಿ. ಹೈದರ್ ಅರಮನೆಗೆ ಹೋಗಿಲ್ಲ. ಊರ ಹೊರಗಿನ ದರ್ಗಾದಲ್ಲಿ ಒಬ್ಬನೇ ಕುಳಿತಿದ್ದಾನೆ. ಬೆಳಿಗ್ಗೆ ಬೆತ್ತದಿಂದ ಹೊಡೆದ ಮಗ ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ. ತಪ್ಪಿಸಿಕೊಂಡು ಬಂದವರು ಒಬ್ಬೊಬ್ಬರೇ ಬರುತ್ತಿದ್ದಾರೆ, ಯಾರಿಗೂ ಟಿಪ್ಪು ಎಲ್ಲಿ ಎಂಬುದು ತಿಳಿಯದು. ಕತ್ತಲಾದ ಮೇಲೆ ದೂಳು ಮೆತ್ತಿದ ಒಬ್ಬ ಫಕೀರ ಬರುತ್ತಾನೆ. ಹತ್ತಿರ ಬಂದಾಗ ಗುರುತು ಸಿಗುತ್ತದೆ. ವೇಷ ಮರೆಸಿಕೊಂಡು ವೈರಿಗಳ ನಡುವಿನಿಂದಲೇ ಹಾದು ಬಂದಿದ್ದಾನೆ ಮಗ.

ಮರಾಠರು ಅದೇ ರಾತ್ರಿ ಕೋಟೆಗೆ ಏಣಿ ಹಾಕಿದ್ದರೆ ಮೈಸೂರಿನ ಮುಂದಿನ ಕಥೆಯೇ ಬೇರೆಯಾಗುತ್ತಿತ್ತೋ ಏನೋ. ಅವರು ಕೊಳ್ಳೆಯ ಪಾಲು ಹಂಚಿಕೊಳ್ಳುತ್ತ ದಿನ ಕಳೆದರು. ಅಷ್ಟರಲ್ಲಿ ಹೈದರ್ ಚದುರಿದವರನ್ನು ಕೂಡಿಸಿ ಕೋಟೆ ಭದ್ರ ಮಾಡಿಕೊಂಡ. ಆಮೇಲೆ ಅವರು ಹಾಕಿದ ಮುತ್ತಿಗೆಯಿಂದ ಏನೂ ಆಗಲಿಲ್ಲ. ಪೆಟ್ಟು ಬಿದ್ದದ್ದು ಮೇಲುಕೋಟೆಗೆ. ಅಲ್ಲಿನ ದೊಡ್ಡ ಮರದ ತೇರುಗಳಿಗೆ ಅವರು ಬೆಂಕಿ ಇಟ್ಟರು. ದೇವರ ಮೇಲಿನ ಸಿಟ್ಟಿಗಲ್ಲ, ತೇರಿಗೆ ಹೊಡೆದಿದ್ದ ಕಬ್ಬಿಣದ ಆಸೆಗೆ. ಆ ಉರಿ ಗುಡಿಗಳಿಗೂ ಹಬ್ಬಿತು. ಚೆಲುವನಾರಾಯಣನಿಗೆ ಕೈಮುಗಿಯುವ ಕುಲದವರೇ ತೇರು ಸುಟ್ಟರು ಎಂಬುದನ್ನು ಎರಡು ಸಲ ಓದಬೇಕು. ಹಸಿದ ದಂಡಿಗೆ ಊರು ಎಂದರೆ ಕಬ್ಬಿಣ, ಕಾಳು, ಹುಲ್ಲು. ಮಿಕ್ಕ ಯಾವ ಗುರುತೂ ಅದರ ಕಣ್ಣಿಗೆ ಬೀಳುವುದಿಲ್ಲ.

1791, ಶನಿವಾರ

ಇಪ್ಪತ್ತು ವರ್ಷ ಕಳೆದಿದೆ. ಮತ್ತೆ ಮಾರ್ಚ್ 5. ಈ ಸಲ ಬೆಂಗಳೂರು ಕೋಟೆಯ ಗೋಡೆಯ ಮೇಲೆ ನಿಂತಿದ್ದೀರಿ. ಈಶಾನ್ಯದ ಕಡೆ ದೂಳು ಏಳುತ್ತಿದೆ. ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ತಾನೇ ದಂಡು ಕಟ್ಟಿಕೊಂಡು ಬಂದಿದ್ದಾನೆ. ಆಂಬೂರು ಘಟ್ಟದ ಕಡೆ ಹೊರಟಂತೆ ತೋರಿಸಿ, ಟಿಪ್ಪುವಿನ ಕಣ್ಣು ತಪ್ಪಿಸಿ, ಮುಗಳಿ ಘಟ್ಟ ಹತ್ತಿ, ಕೋಲಾರ, ಹೊಸಕೋಟೆ ದಾಟಿ ಬಂದ ದಂಡು. ಅಂದು ಬೆತ್ತದ ಪೆಟ್ಟು ತಿಂದಿದ್ದ ಹುಡುಗ ಈಗ ನಲವತ್ತರ ಸುಲ್ತಾನ.

ಇಲ್ಲಿ ಬಹಳ ಹೊತ್ತು ನಿಲ್ಲುವುದು ಬೇಡ. ಈ ದಿನ ಆಗಿದ್ದು ಬಂದು ಇಳಿದದ್ದು ಮಾತ್ರ. 7ರಂದು ಪೇಟೆ ಬಿತ್ತು, 21ರ ರಾತ್ರಿ ಕೋಟೆ ಬಿತ್ತು, ಕಿಲ್ಲೇದಾರ ಬಹಾದೂರ್ ಖಾನ್ ಕಾದಾಡುತ್ತಲೇ ಸತ್ತ. ಮೇಲುಕೋಟೆ, ಶ್ರೀರಂಗಪಟ್ಟಣದ ನಮ್ಮ ಸೀಮೆಗೆ ಬೇಕಾದ ಕಥೆ ಅದರ ಮುಂದಿನದು. ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರ ಬರುವಷ್ಟರಲ್ಲಿ ಮೇ ತಿಂಗಳು ನಡುವಾಗಿತ್ತು. ದಾರಿಯುದ್ದಕ್ಕೂ ಮೇವು ಸಿಗದಂತೆ ಟಿಪ್ಪು ಸುಟ್ಟು ಹಾಕಿಸಿದ್ದ. ಮೇ 15ರಂದು ಅರಕೆರೆಯ ಬಳಿ ಕಾಳಗ ಗೆದ್ದರೂ ಗೆಲುವಿನಿಂದ ಆಂಗ್ಲರಿಗೆ ಏನೂ ದಕ್ಕಲಿಲ್ಲ. ಮಳೆ ಹಿಡಿದಿತ್ತು, ನದಿ ಏರತೊಡಗಿತ್ತು. ಎತ್ತುಗಳು ರೋಗ ಮತ್ತು ಹಸಿವಿನಿಂದ ಸಾಲು ಸಾಲಾಗಿ ಸತ್ತವು. ಎಳೆಯುವ ಎತ್ತಿಲ್ಲದ ಮೇಲೆ ಫಿರಂಗಿ ಯಾತಕ್ಕೆ? ಕಣ್ಣಂಬಾಡಿಯ ಹತ್ತಿರ ತನ್ನ ದೊಡ್ಡ ಫಿರಂಗಿಗಳನ್ನು ಕಾರ್ನ್‌ವಾಲಿಸ್ ತಾನೇ ಒಡೆಸಿ ಹಿಂದೆ ಸರಿದ. ಮೇಲುಕೋಟೆಯ ಕಡೆಗೆ ಬಂದಾಗ ಹರಿಪಂತ್ ಮತ್ತು ಪರಶುರಾಮ ಭಾವುವಿನ ಮರಾಠಾ ದಂಡು ಎದುರಾಯಿತು. ಈ ಸಲ ಅವರು ಆಂಗ್ಲರ ಜೊತೆಗಿದ್ದರು. ಅವರ ಬಜಾರಿನಲ್ಲಿ ಕಾಳು ಕಂಡ ಮೇಲೆ ಹಸಿದ ಸಿಪಾಯಿಗಳಿಗೆ ಜೀವ ಬಂತು.

ಮರುವರ್ಷ ಮತ್ತೆ ಬಂದರು. 1792ರ ಫೆಬ್ರವರಿ 6ರ ರಾತ್ರಿ ಹಿರೋಡೆಯ ಬೀಡಿನಿಂದ, ಅಂದರೆ ಈಗಿನ ಪಾಂಡವಪುರದಿಂದ, ಮೂರು ಸಾಲುಗಳಲ್ಲಿ ಹೊರಟು ನಡುಗಡ್ಡೆಯ ಹೊಸ್ತಿಲು ತುಳಿದರು. ಅದೇ ವರ್ಷ ನಾಗಮಂಗಲವನ್ನು ಮರಾಠರು ಹಾಳುಗೆಡವಿದರು. ಊರನ್ನು ಸುತ್ತುವರಿದಿದ್ದ ತೆಂಗಿನಂಥ 1,50,000 ಮರಗಳನ್ನು ಕಡಿದರೆಂದು ಲೂಯಿಸ್ ರೈಸ್ ತಮ್ಮ ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಸುಟ್ಟ ಮನೆಗೆ ಒಂದು ಬೇಸಿಗೆಯಲ್ಲಿ ಮತ್ತೆ ಸೂರು ಹೊದಿಸಬಹುದು. ಕಡಿದ ತೋಟ ಮತ್ತೆ ಫಲ ಕೊಡುವಷ್ಟರಲ್ಲಿ ಒಂದು ತಲೆಮಾರು ಕೈಖಾಲಿ ಕುಳಿತಿರುತ್ತದೆ.

1799, ಮಂಗಳವಾರ

ಇನ್ನೂ ಎಂಟು ವರ್ಷ ದಾಟಿ ಬನ್ನಿ. ಕೊಡಗಿನ ಗಡಿಯ ಸಿದ್ದೇಶ್ವರ ಬೆಟ್ಟದ ಮೇಲಿದ್ದೀರಿ. ಮಾಘ ಬಹುಳದ ಕೊನೆ, ಶಿವರಾತ್ರಿಯ ಆಸುಪಾಸು. ಬೆಳಗಿನ ಮಂಜು ಕರಗಿ ಮೂಡಲ ಸೀಮೆ ಬಿಚ್ಚಿಕೊಳ್ಳುತ್ತಿದೆ. ಕೆಳಗೆ ಪಿರಿಯಾಪಟ್ಟಣದ ಬಯಲು. ಬೆಳಿಗ್ಗೆ ಒಂಬತ್ತು ಹತ್ತರ ನಡುವೆ ಯಾರೂ ನಿರೀಕ್ಷಿಸದಿದ್ದ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಬಯಲಿನಲ್ಲಿ ಡೇರೆಗಳು ಏಳುತ್ತಿವೆ. ಹತ್ತಾದವು, ನೂರಾದವು. ಸಂಜೆಯೊಳಗೆ ಮುನ್ನೂರು ನಾನೂರು ಎಣಿಕೆಗೆ ಸಿಕ್ಕವು. ನಡುವೆ ಒಂದು ಹಸಿರು ಡೇರೆ. ಬೆಟ್ಟದ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಸುಲ್ತಾನ ಇಲ್ಲಿಗೆ ಬಂದಿರಲು ಸಾಧ್ಯವೇ? ಅವನು ಮದ್ದೂರಿನ ಕಡೆ, ಮೂಡಲಿನಿಂದ ಬರಲಿರುವ ಆಂಗ್ಲರ ದಂಡನ್ನು ಕಾಯುತ್ತಿದ್ದಾನೆ ಎಂದೇ ಎಲ್ಲರ ಲೆಕ್ಕ.

ಅವನೇ ಬಂದಿದ್ದ. ಪೂರ್ಣಯ್ಯನವರನ್ನೂ ಸೈಯದ್ ಸಾಹೇಬನನ್ನೂ ಮೂಡಲಿಗೆ ಬಿಟ್ಟು, ತನ್ನ ಒಳ್ಳೆಯ ಪಡೆಯನ್ನು ಕರೆದುಕೊಂಡು ಗುಟ್ಟಾಗಿ ರಾಜ್ಯದ ಈ ಮಗ್ಗುಲಿಗೆ ಧಾವಿಸಿದ್ದ. ಮಲಬಾರಿನ ಕಡೆಯಿಂದ ಬರುತ್ತಿದ್ದ ಜನರಲ್ ಸ್ಟುವರ್ಟನ ಬೊಂಬಾಯಿ ಸೈನ್ಯವನ್ನು ಅದು ಮೂಡಲಿನ ದೊಡ್ಡ ದಂಡನ್ನು ಕೂಡಿಕೊಳ್ಳುವ ಮೊದಲೇ ಮುರಿಯಬೇಕು ಎಂಬುದು ಅವನ ಲೆಕ್ಕಾಚಾರ. ಚಿನಕುರಳಿಯಲ್ಲಿ ಗುಟ್ಟು ರಟ್ಟಾಗಿ ಸೈನ್ಯ ನುಚ್ಚುನೂರಾದದ್ದನ್ನು ಕಣ್ಣಾರೆ ಕಂಡವನು ಅವನು. ನಲವತ್ತೆಂಟರ ವಯಸ್ಸಿನಲ್ಲಿ ಗುಟ್ಟನ್ನು ಹೇಗೆ ಕಾಯಬೇಕು ಎಂಬುದನ್ನು ಕಲಿತಿದ್ದ. ಆದರೆ ಆಂಗ್ಲರ ಕಡೆಗಿದ್ದ ಕೊಡಗಿನ ಅರಸ ದೊಡ್ಡವೀರರಾಜೇಂದ್ರನ ಜನ ಗುಡ್ಡದ ಮೇಲಿದ್ದರು. ಆ ಒಂದು ಹಸಿರು ಬಟ್ಟೆ ಎಲ್ಲವನ್ನೂ ಹೇಳಿಬಿಟ್ಟಿತ್ತು.

ಅದೇ 5ನೇ ತಾರೀಖು, ಬೆಟ್ಟದಿಂದ ಬಹುದೂರ, ರಾಜ್ಯದ ಇನ್ನೊಂದು ತುದಿಯಲ್ಲಿ ಜನರಲ್ ಹ್ಯಾರಿಸನ ಮದ್ರಾಸ್ ಸೈನ್ಯ ರಾಯಕೋಟೆಯ ಕಡೆಯಿಂದ ಮೈಸೂರಿನ ಗಡಿ ದಾಟುತ್ತಿದೆ. ನೀಲದುರ್ಗ, ಅಂಚೆಟ್ಟಿದುರ್ಗದಂಥ ಗಡಿಯ ಪುಟ್ಟ ಕೋಟೆಗಳು ಅದರ ಮೊದಲ ತುತ್ತು. ಹತ್ತಾರು ಸಾವಿರ ಎತ್ತುಗಳು, ನಿಜಾಮನ ಪಡೆ, ಹಿಂದೆ ಹಿಂದೆ ಕಾಳಿನ ಹೇರಿನೊಂದಿಗೆ ಲಂಬಾಣಿಗಳ ಸಾಲು. ಹೀಗೆ ಒಂದೇ ಹಗಲು ಪಡುವಲಿನಲ್ಲಿ ಸುಲ್ತಾನನ ಡೇರೆ ಏಳುತ್ತದೆ, ಮೂಡಲಿನಲ್ಲಿ ಅವನ ರಾಜ್ಯದ ಬಾಗಿಲು ಮುರಿಯುತ್ತದೆ.

ಮಾರನೆಯ ದಿನ ಸಿದ್ದೇಶ್ವರದ ಕಾಡಿನಲ್ಲಿ ಅವನ ಪಡೆ ಆಂಗ್ಲರ ಮೂರು ಪಟಾಲಮುಗಳನ್ನು ಸುತ್ತುವರಿದೂ ಮುರಿಯಲಾಗಲಿಲ್ಲ. ಜನ ಬೆಂಕಿ ನವಾಬನೆಂದು ಕರೆಯುತ್ತಿದ್ದ ಸರದಾರ ಅಲ್ಲಿಯೇ ಸತ್ತ. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಮತ್ತೊಂದು ಸೋಲು. 1791ರ ಹಾದಿಯಲ್ಲೇ ಬರುತ್ತಾರೆಂದು ಎಣಿಸಿ ಟಿಪ್ಪು ಬಡಗಲ ದಂಡೆಯ ಮೇವನ್ನೆಲ್ಲ ಸುಡಿಸಿದ್ದ. ಹ್ಯಾರಿಸ್ ಸೋಸಲೆಯ ಬಳಿ ನದಿ ದಾಟಿ, ಹುಲ್ಲೂ ಕಾಳೂ ಉಳಿದಿದ್ದ ತೆಂಕಲ ದಂಡೆ ಹಿಡಿದ. ಏಪ್ರಿಲ್ 5ಕ್ಕೆ ಕೋಟೆಯೆದುರು ಬೀಡು. ಮೇ 4ರ ಮಧ್ಯಾಹ್ನ ನದಿಯ ಕಲ್ಲುಗಳ ಮೇಲೆ ಹಾಯ್ದು ಬಂದವರು ಬಿರುಕಿನಲ್ಲಿ ನುಗ್ಗಿದರು. ಆ ದಿನದ ಕಥೆ ಪ್ರತಿ ಶಾಲಾ ಮಗುವಿಗೂ ಗೊತ್ತು.

ಆ ದಿನವೇ ಏಕೆ?

1771ರ ಮಾರ್ಚ್ 5 ಮಂಗಳವಾರ, 1799ರ ಮಾರ್ಚ್ 5 ಕೂಡ ಮಂಗಳವಾರ. ಇಂಗ್ಲಿಷ್ ಕ್ಯಾಲೆಂಡರಿನ ವಾರಗಳು 28 ವರ್ಷಕ್ಕೊಮ್ಮೆ ಇದ್ದಲ್ಲಿಗೇ ಮರಳುತ್ತವೆ, ಇದರಲ್ಲಿ ಪವಾಡವೇನಿಲ್ಲ. ಪಂಚಾಂಗ ತೆರೆದರೆ ಎರಡೂ ಒಂದೇ ದಿನವಲ್ಲ: ಒಂದು ಫಾಲ್ಗುಣದ ಬಹುಳ, ಇನ್ನೊಂದು ಮಾಘದ ಬಹುಳ. ಹಿಜರಿಯಲ್ಲಂತೂ ತಿಂಗಳುಗಳೇ ಬೇರೆ. ಟಿಪ್ಪು ತನ್ನದೇ ಆದ ತಿಂಗಳು, ವರ್ಷಗಳ ಹೆಸರು ಮಾಡಿಸಿಕೊಂಡಿದ್ದವನು. ಅವನ ಕಾಗದಗಳಲ್ಲಿ ಮಾರ್ಚ್ ಎಂಬ ಮಾತೇ ಇರಲಿಲ್ಲ. ಹಾಗಾದರೆ ಈ ಮೂರನ್ನೂ ಕಟ್ಟಿಹಾಕುವುದು ಬರೀ ಒಂದು ಅಂಕಿಯೇ?

ಅಲ್ಲ. ತಿಥಿ ಚಂದ್ರನದು, ಬೆಳೆ ಸೂರ್ಯನದು. ಮೂರು ಸಲವೂ ಸೂರ್ಯ ಆಕಾಶದಲ್ಲಿ ಒಂದೇ ಜಾಗದಲ್ಲಿದ್ದ. ಆದ್ದರಿಂದ ನೆಲವೂ ಒಂದೇ ಸ್ಥಿತಿಯಲ್ಲಿತ್ತು. ಸಂಕ್ರಾಂತಿಯ ಹೊತ್ತಿಗೆ ರಾಗಿ, ಭತ್ತದ ಕೊಯ್ಲು ಮುಗಿದು, ಒಕ್ಕಣೆಯಾಗಿ, ಫೆಬ್ರವರಿ ಕೊನೆಗೆ ಕಾಳು ಹಗೇವು ಸೇರಿರುತ್ತದೆ. ಕಣದ ಪಕ್ಕ ಹುಲ್ಲಿನ ಬಣವೆ ಎದ್ದಿರುತ್ತದೆ. ಹೊಲ ಬರಿದಾಗಿ ಗಾಡಿ ಎಲ್ಲಿ ಬೇಕಾದರೂ ಹೋಗಬಹುದು. ಕಾವೇರಿ ಇಳಿದು ಕಲ್ಲುಗಳು ಮೇಲೆದ್ದಿರುತ್ತವೆ. ಜೂನಿನಲ್ಲಿ ಕೊಡಗಿನ ಮುಂಗಾರು ಇಳಿದರೆ ನಡುಗಡ್ಡೆಯ ಸುತ್ತ ನದಿಯೇ ಕೋಟೆಯಾಗುತ್ತದೆ. ಹಾಗಾಗಿ ಶ್ರೀರಂಗಪಟ್ಟಣದ ಮೇಲೆ ಕಣ್ಣಿಟ್ಟ ಯಾವ ದಂಡಿಗಾದರೂ ಸಿಗುತ್ತಿದ್ದುದು ಸಂಕ್ರಾಂತಿಗೂ ಮುಂಗಾರಿಗೂ ನಡುವಿನ ನಾಲ್ಕೈದು ತಿಂಗಳು ಮಾತ್ರ. ಮಾರ್ಚ್ ಮೊದಲ ವಾರ ಆ ಅವಧಿಯ ನಡು. 1791ರಲ್ಲಿ ಕಾರ್ನ್‌ವಾಲಿಸ್ ಬೆಂಗಳೂರಿನಲ್ಲಿ ಕಳೆದ ಆ ಕೆಲವು ವಾರಗಳು ಅವನನ್ನು ಮಳೆಯ ಬಾಯಿಗೆ ತಂದು ನಿಲ್ಲಿಸಿದವು. ಹ್ಯಾರಿಸ್ ಅದೇ ತಾರೀಖಿಗೆ ಗಡಿ ದಾಟಿ, ಎಲ್ಲೂ ಮುತ್ತಿಗೆಗೆ ನಿಲ್ಲದೆ, ಮಳೆಗಿಂತ ಮೊದಲೇ ಬಂದು ಮುಟ್ಟಿದ.

ದಂಡಿನ ಪಂಚಾಂಗ ಬರೆದದ್ದು ರೈತ. ಅವನು ಉತ್ತು, ಬಿತ್ತಿ, ಕೊಯ್ದು, ಒಕ್ಕಿ ಕೂಡಿಟ್ಟ ಮೇಲೆ ರಾಜರು ಯುದ್ಧಕ್ಕೆ ಹೊರಡುತ್ತಿದ್ದರು. ಅವನ ಬಣವೆ ತಿನ್ನುತ್ತ ಮುಂದೆ ಹೋಗುತ್ತಿದ್ದರು, ತಿನ್ನಲಾಗದ್ದನ್ನು ವೈರಿಗೆ ಸಿಗಬಾರದೆಂದು ಸುಡುತ್ತಿದ್ದರು. ಸುಟ್ಟವರು ಸ್ವಂತ ರಾಜರೂ ಹೌದು, ಹೊರಗಿನವರೂ ಹೌದು. ಚಿನಕುರಳಿಯಲ್ಲಿ ಬಿದ್ದ ಸರದಾರರ ಹೆಸರು ವಿಲ್ಕ್ಸನ ಪುಸ್ತಕದಲ್ಲಿ ಸಿಗುತ್ತದೆ. ಆ ಮಂಗಳವಾರ ಚಿನಕುರಳಿಯ ಯಾರ ಹಗೇವು ಬಗೆದರು, ಆ ವರ್ಷದ ಬಿತ್ತನೆಗೆ ಅವರಿಗೆ ಕಾಳು ಎಲ್ಲಿಂದ ಬಂತು ಎಂಬುದನ್ನು ಯಾರೂ ಬರೆದಿಡಲಿಲ್ಲ. ನಮ್ಮ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಖಾಲಿ ಹಾಳೆ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಕಾರ್ನ್‌ವಾಲಿಸ್ ಫಿರಂಗಿ ಒಡೆಸಿದ ಕಣ್ಣಂಬಾಡಿಯಲ್ಲಿಯೇ 1911ರಲ್ಲಿ ಕೃಷ್ಣರಾಜಸಾಗರದ ಕಟ್ಟೆಯ ಕೆಲಸ ಆರಂಭವಾಯಿತು. ಹಳೆಯ ಊರು ನೀರಿನಡಿ ಸೇರಿತು. ನದಿಯ ಏರಿಳಿತವೇ ಎಲ್ಲವನ್ನೂ ತೀರ್ಮಾನಿಸುತ್ತಿದ್ದ ಸೀಮೆಯಲ್ಲಿ ನೀರನ್ನು ಹಿಡಿದಿಡಲು ಮನುಷ್ಯನಿಗೆ ಸಾಧ್ಯವಾಯಿತು. ಈಗ ಮಾರ್ಚ್ 5ರಂದು ವಿಶ್ವೇಶ್ವರಯ್ಯ ನಾಲೆಯ ಬಯಲಿಗೆ ಹೋದರೆ ಬರಿ ಕೂಳೆಯ ಬದಲು ಕಬ್ಬು ನಿಂತಿರುತ್ತದೆ. ಸರದಿಯಂತೆ ನೀರು ಬಿಟ್ಟು ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಯಾವ ದಿನ ಬಿಡುತ್ತಾರೆ ಎಂಬ ಚರ್ಚೆ ನಡೆದಿರುತ್ತದೆ. ಈ ಬದಲಾವಣೆ ಯಾವ ಕೋಟೆಯ ಗೆಲುವಿಗಿಂತಲೂ ದೊಡ್ಡದು.

ಮಕ್ಕಳಿಗೆ ನಾವು ತಾರೀಖು ಬಾಯಿಪಾಠ ಮಾಡಿಸುತ್ತೇವೆ. ಇಂಥ ದಿನ ಇಂಥವರು ಗೆದ್ದರು, ಇಂಥವರು ಸತ್ತರು. ಅದರ ಪಕ್ಕದಲ್ಲಿ ಇನ್ನೊಂದು ಪ್ರಶ್ನೆಯನ್ನೂ ಇಡಬೇಕು: ಆ ದಿನ ಹೊಲದಲ್ಲಿ ಏನಿತ್ತು? ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಯಾವ ಶಾಲೆಯಲ್ಲಾದರೂ ಈ ಪ್ರಶ್ನೆಗೆ ಉತ್ತರಿಸಬಲ್ಲ ಮಗು ಖಂಡಿತ ಸಿಗುತ್ತದೆ. ಯಾಕೆಂದರೆ ಅದರ ಮನೆಯಲ್ಲಿ ಕೊಯ್ಲು ಯಾವಾಗ, ನೀರು ಯಾವಾಗ ಎಂಬುದು ದಿನದ ಮಾತು. ಆ ತಿಳಿವಳಿಕೆಯಿಂದ ಶುರುಮಾಡಿದರೆ ಮೂರು ಯುದ್ಧಗಳು ಒಂದೇ ತಾರೀಖಿನ ಸುತ್ತ ಏಕೆ ಬಂದು ಬಿದ್ದವು ಎಂಬುದನ್ನು ಆ ಮಗು ತಾನೇ ಬಿಡಿಸುತ್ತದೆ, ಮತ್ತು ತನ್ನ ಅಜ್ಜ ಮುತ್ತಜ್ಜಂದಿರೂ ಈ ಚರಿತ್ರೆಯಲ್ಲಿ ಇದ್ದರು ಎಂಬುದನ್ನು ಮೊದಲ ಸಲ ಕಾಣುತ್ತದೆ.